ಆರ್. ಶಾಮಶಾಸ್ತ್ರಿ

ಮಹಾಮಹೋಪಾಧ್ಯಾಯ ರುದ್ರಪಟ್ಟಣ ಶಾಮಶಾಸ್ತ್ರಿ (1868–1944) ಅವರು ಸಂಸ್ಕೃತ ವಿದ್ವಾಂಸರು, ಗ್ರಂಥಪಾಲಕರು ಹಾಗೂ ಗ್ರಂಥಸಂಪಾದಕರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಸರ್ಕಾರಿ ಪ್ರಾಚ್ಯ ಗ್ರಂಥಾಲಯದ ತಾಳೆಗರಿಗಳ ನಡುವೆ ಗುರುತಿಸಿ, ಅದರ ಸಂಸ್ಕೃತ ಮೂಲವನ್ನು 1909ರಲ್ಲಿಯೂ ಇಂಗ್ಲಿಷ್ ಅನುವಾದವನ್ನು 1915ರಲ್ಲಿಯೂ ಪ್ರಕಟಿಸಿದವರು ಇವರು. ಅಲ್ಲಿಯವರೆಗೆ ಈ ಗ್ರಂಥವು ಇತರ ಕೃತಿಗಳಲ್ಲಿ ಬರುವ ಉಲ್ಲೇಖಗಳಿಂದ ಮಾತ್ರ ತಿಳಿದಿತ್ತು. ಶಾಮಶಾಸ್ತ್ರಿಗಳು ಕೆಲಸ ಮಾಡಿದ ಗ್ರಂಥಾಲಯವು ಮುಂದೆ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿತು. ಇಂದು ಅದನ್ನು ಪ್ರಾಚ್ಯವಿದ್ಯಾ ಸಂಶೋಧನಾಲಯ ಎಂದು ಕರೆಯುತ್ತಾರೆ.

ಈ ಶೋಧವನ್ನು ಅದೃಷ್ಟದಿಂದ ಒದಗಿದ ಆಕಸ್ಮಿಕವೆಂದು ವರ್ಣಿಸುವುದು ರೂಢಿ. ಹಸ್ತಪ್ರತಿಯು ಗ್ರಂಥಾಲಯಕ್ಕೆ ಬಂದದ್ದು ಆಕಸ್ಮಿಕವಿರಬಹುದು. ಆದರೆ ಅದು ಏನೆಂದು ತಿಳಿದದ್ದು, ಬಂದ ಪ್ರತಿಯೊಂದು ಕಟ್ಟನ್ನೂ ಬಿಚ್ಚಿ, ಓದಿ, ವಿಷಯವನ್ನು ನಿರ್ಧರಿಸಿ ಪಟ್ಟಿಗೆ ಸೇರಿಸುವ ದೈನಂದಿನ ಕೆಲಸದಿಂದ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಶಾಮಶಾಸ್ತ್ರಿಗಳು 1868ರಲ್ಲಿ ಕಾವೇರಿ ತೀರದ ರುದ್ರಪಟ್ಟಣದಲ್ಲಿ ಜನಿಸಿದರು. ಈ ಗ್ರಾಮವು ಈಗಿನ ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿದೆ. ವೇದಾಧ್ಯಯನಕ್ಕೂ ಸಂಗೀತಕ್ಕೂ ಹೆಸರಾದ ಊರು ಅದು. ಆರಂಭದ ಪಾಠಗಳು ಹುಟ್ಟೂರಿನಲ್ಲಿಯೇ ನಡೆದವು. ಬಳಿಕ ಅವರು ಮೈಸೂರಿಗೆ ಬಂದು ಸಂಸ್ಕೃತ ಪಾಠಶಾಲೆಯಲ್ಲಿ ಓದಿ ವಿದ್ವತ್ ಪರೀಕ್ಷೆಯಲ್ಲಿ ಉನ್ನತ ದರ್ಜೆಯಲ್ಲಿ ತೇರ್ಗಡೆಯಾದರು.

ಸಾಂಪ್ರದಾಯಿಕ ವಿದ್ಯೆಯೊಂದಿಗೆ ಅವರು ಆಧುನಿಕ ಶಿಕ್ಷಣವನ್ನೂ ಪಡೆದರು. ಆಗ ಮೈಸೂರು ಸಂಸ್ಥಾನಕ್ಕೆ ತನ್ನದೇ ವಿಶ್ವವಿದ್ಯಾಲಯವಿರಲಿಲ್ಲ. ಸಂಸ್ಥಾನದ ಕಾಲೇಜುಗಳು ಮದ್ರಾಸ್ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಒಳಪಟ್ಟಿದ್ದವು. ಶಾಮಶಾಸ್ತ್ರಿಗಳು ಮದ್ರಾಸ್ ವಿಶ್ವವಿದ್ಯಾಲಯದಿಂದ ಬಿ.ಎ. ಪದವಿ ಪಡೆದರು. ಸಂಸ್ಕೃತ, ಪ್ರಾಕೃತ, ಕನ್ನಡ ಮತ್ತು ಇಂಗ್ಲಿಷ್ ಜೊತೆಗೆ ಜರ್ಮನ್ ಹಾಗೂ ಫ್ರೆಂಚ್ ಭಾಷೆಗಳ ಪರಿಚಯವನ್ನೂ ಸಂಪಾದಿಸಿಕೊಂಡರು. ಆ ಕಾಲದಲ್ಲಿ ಪಾಶ್ಚಾತ್ಯ ಸಂಸ್ಕೃತ ಅಧ್ಯಯನದ ಬಹುಭಾಗ ಜರ್ಮನ್ ಭಾಷೆಯಲ್ಲಿ ಪ್ರಕಟವಾಗುತ್ತಿದ್ದುದರಿಂದ ಈ ಪರಿಚಯವು ಅವರಿಗೆ ಮುಂದೆ ಬಹಳ ಉಪಯೋಗಕ್ಕೆ ಬಂದಿತು. ಒಂದೆಡೆ ಪಾಠಶಾಲೆಯ ಪಂಡಿತರು, ಇನ್ನೊಂದೆಡೆ ಯೂರೋಪಿನ ವಿಮರ್ಶಕ ಸಂಶೋಧಕರು, ಈ ಇಬ್ಬರ ಭಾಷೆಯನ್ನೂ ಅರಿತವರು ಆಗ ವಿರಳ.

ಅವರ ಸಂಸ್ಕೃತ ಪಾಂಡಿತ್ಯವನ್ನು ಮೆಚ್ಚಿದ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ನೆರವಿನಿಂದ ಶಾಮಶಾಸ್ತ್ರಿಗಳು ಮೈಸೂರಿನ ಸರ್ಕಾರಿ ಪ್ರಾಚ್ಯ ಗ್ರಂಥಾಲಯದಲ್ಲಿ ಗ್ರಂಥಪಾಲಕರಾಗಿ ಸೇರಿದರು.

ಪ್ರಾಚ್ಯ ಗ್ರಂಥಾಲಯ

ಮೈಸೂರಿನ ಪ್ರಾಚ್ಯ ಗ್ರಂಥಾಲಯವು ಹತ್ತನೆಯ ಚಾಮರಾಜ ಒಡೆಯರ ಆಳ್ವಿಕೆಯಲ್ಲಿ, 1891ರಲ್ಲಿ ಸ್ಥಾಪನೆಯಾಯಿತು. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವದ ನೆನಪಿಗಾಗಿ 1887ರಲ್ಲಿ ಶಂಕುಸ್ಥಾಪನೆಯಾದ ಜ್ಯೂಬಿಲಿ ಭವನವು ಅದರ ನೆಲೆಯಾಯಿತು. ಮನೆಗಳಲ್ಲಿ, ಮಠಗಳಲ್ಲಿ ಮತ್ತು ದೇವಾಲಯಗಳಲ್ಲಿ ಚದುರಿದ್ದ ಸಂಸ್ಕೃತ ಹಾಗೂ ಕನ್ನಡ ಹಸ್ತಪ್ರತಿಗಳನ್ನು ಒಂದೆಡೆ ಕಲೆಹಾಕುವುದು, ಅವುಗಳನ್ನು ರಕ್ಷಿಸುವುದು ಮತ್ತು ಮುಖ್ಯವಾದವುಗಳನ್ನು ಸಂಪಾದಿಸಿ ಅಚ್ಚು ಹಾಕಿಸುವುದು ಗ್ರಂಥಾಲಯದ ಉದ್ದೇಶವಾಗಿತ್ತು.

ಇಂತಹ ಸಂಗ್ರಹದಲ್ಲಿ ಗ್ರಂಥಪಾಲಕನ ಕೆಲಸವು ಇಂದಿನ ಗ್ರಂಥಾಲಯಗಳ ಕೆಲಸಕ್ಕಿಂತ ಭಿನ್ನವಾದುದು. ಅಚ್ಚಾದ ಪುಸ್ತಕದ ಮುಖಪುಟದಲ್ಲಿ ಹೆಸರು, ಕರ್ತೃ, ವರ್ಷ ಎಲ್ಲವೂ ಇರುತ್ತವೆ. ತಾಳೆಗರಿಯ ಕಟ್ಟಿಗೆ ಮುಖಪುಟವಿಲ್ಲ. ಹದಗೊಳಿಸಿದ ಗರಿಯ ಮೇಲೆ ಲೋಹದ ಕಂಠದಿಂದ ಅಕ್ಷರಗಳನ್ನು ಕೊರೆದು, ಅವು ಎದ್ದು ಕಾಣುವಂತೆ ಮಸಿ ಸವರುತ್ತಿದ್ದರು. ಗರಿಗಳಲ್ಲಿ ರಂಧ್ರ ಮಾಡಿ, ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆಗಳನ್ನಿಟ್ಟು ಕಟ್ಟುತ್ತಿದ್ದರು. ಪದಗಳ ನಡುವೆ ತೆರಪು ಬಿಡುವ ಪದ್ಧತಿಯಿರಲಿಲ್ಲ. ಒಂದೇ ಕಟ್ಟಿನಲ್ಲಿ ಸಂಬಂಧವಿಲ್ಲದ ಎರಡು ಮೂರು ಗ್ರಂಥಗಳು ಸೇರಿರಬಹುದು. ಮೊದಲ ಅಥವಾ ಕೊನೆಯ ಗರಿಗಳು ಹುಳು ತಿಂದು ನಾಶವಾಗಿರಬಹುದು. ಆದ್ದರಿಂದ ಕಟ್ಟಿನಲ್ಲಿ ಏನಿದೆಯೆಂದು ಹೇಳಲು ಅದನ್ನು ಪೂರ್ತಿಯಾಗಿ ಓದದೆ ಬೇರೆ ದಾರಿಯಿಲ್ಲ. ಹಾಗೆ ಓದುವವನಿಗೆ ಹಲವು ಲಿಪಿಗಳೂ ಹಲವು ಶಾಸ್ತ್ರಗಳೂ ತಿಳಿದಿರಬೇಕು. ಶಾಮಶಾಸ್ತ್ರಿಗಳು ವರ್ಷಗಟ್ಟಲೆ ಮಾಡಿದ್ದು ಇದೇ ಕೆಲಸವನ್ನು.

ಅರ್ಥಶಾಸ್ತ್ರದ ಶೋಧ

ಚಂದ್ರಗುಪ್ತ ಮೌರ್ಯನಿಗೆ ಪಟ್ಟ ಕಟ್ಟಿದನೆಂದು ಪರಂಪರೆಯು ಹೇಳುವ ಚಾಣಕ್ಯನು ರಾಜನೀತಿಯನ್ನು ಕುರಿತು ಒಂದು ಗ್ರಂಥವನ್ನು ರಚಿಸಿದ್ದನೆಂಬುದು ವಿದ್ವಾಂಸರಿಗೆ ತಿಳಿದಿತ್ತು. ಕಾಮಂದಕನ ನೀತಿಸಾರ, ದಂಡಿಯ ದಶಕುಮಾರಚರಿತ, ಬಾಣಭಟ್ಟನ ಕಾದಂಬರಿ, ಪಂಚತಂತ್ರ ಮುಂತಾದವುಗಳಲ್ಲಿ ಅದರ ಪ್ರಸ್ತಾಪವಿದೆ. ಮಲ್ಲಿನಾಥಸೂರಿಯಂಥ ವ್ಯಾಖ್ಯಾನಕಾರರು ಅದರ ವಾಕ್ಯಗಳನ್ನು ಉದಾಹರಿಸಿದ್ದಾರೆ. ಆದರೆ ಗ್ರಂಥವು ಮಾತ್ರ ಯಾರ ಕೈಗೂ ಸಿಕ್ಕಿರಲಿಲ್ಲ.

ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ತಮ್ಮ ಬಳಿಯಿದ್ದ ಒಂದು ತಾಳೆಗರಿ ಹಸ್ತಪ್ರತಿಯನ್ನು ಮೈಸೂರಿನ ಗ್ರಂಥಾಲಯಕ್ಕೆ ಒಪ್ಪಿಸಿದರು. ಅದರೊಂದಿಗೆ ಭಟ್ಟಸ್ವಾಮಿ ಎಂಬ ವ್ಯಾಖ್ಯಾನಕಾರನ ಟೀಕೆಯ ಒಂದು ಭಾಗವೂ ಇತ್ತು. ಹಸ್ತಪ್ರತಿಯು ಸಂಸ್ಕೃತವನ್ನು ಬರೆಯಲು ತಮಿಳು ಪ್ರದೇಶದಲ್ಲಿ ಬಳಕೆಯಲ್ಲಿದ್ದ ಗ್ರಂಥಲಿಪಿಯಲ್ಲಿತ್ತು. ಶಾಮಶಾಸ್ತ್ರಿಗಳು ಅದನ್ನು ಓದಿ ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು. 1905ರಲ್ಲಿ ಇಂಡಿಯನ್ ಆ್ಯಂಟಿಕ್ವೆರಿ ಪತ್ರಿಕೆಯಲ್ಲಿ ಚಾಣಕ್ಯನ ಭೂಮಿ ಮತ್ತು ಕಂದಾಯ ನೀತಿಯನ್ನು ಕುರಿತ ಅವರ ಬರಹ ಪ್ರಕಟವಾದಾಗ ವಿದ್ವಲ್ಲೋಕಕ್ಕೆ ಈ ಸಂಗತಿ ತಿಳಿಯಿತು.

ಹಸ್ತಪ್ರತಿಯನ್ನು ಒಪ್ಪಿಸಿದ ಪಂಡಿತರ ಹೆಸರು ಈ ಶೋಧದ ಕಥನಗಳಲ್ಲಿ ಕಾಣಬರುವುದಿಲ್ಲ. ಅವರು ಕೇವಲ ತಂಜಾವೂರು ಜಿಲ್ಲೆಯ ಪಂಡಿತರೆಂದು ಉಳಿದಿದ್ದಾರೆ. ಅವರ ಮನೆತನವು ಓಲೆಗಳನ್ನು ಕಾಪಾಡದೆ ಹೋಗಿದ್ದರೆ, ಅಥವಾ ಅವನ್ನು ಸ್ವೀಕರಿಸಲು ಒಂದು ಸಾರ್ವಜನಿಕ ಗ್ರಂಥಾಲಯ ಇಲ್ಲದೆ ಹೋಗಿದ್ದರೆ ಗ್ರಂಥಪಾಲಕನ ಪಾಂಡಿತ್ಯಕ್ಕೆ ಕೆಲಸವೇ ಇರುತ್ತಿರಲಿಲ್ಲ.

ಓಲೆಯಿಂದ ಅಚ್ಚಿಗೆ

ಗ್ರಂಥವನ್ನು ಗುರುತಿಸಿದ ನಂತರದ ಶ್ರಮ ಇನ್ನೂ ದೊಡ್ಡದು. ಅರ್ಥಶಾಸ್ತ್ರದಲ್ಲಿ 15 ಅಧಿಕರಣಗಳು, 150 ಅಧ್ಯಾಯಗಳು ಮತ್ತು 180 ಪ್ರಕರಣಗಳಿವೆ. ಬಹುಭಾಗ ಗದ್ಯದಲ್ಲಿದ್ದು, ಅಧ್ಯಾಯಗಳ ಕೊನೆಯಲ್ಲಿ ಶ್ಲೋಕಗಳು ಬರುತ್ತವೆ. ಶೈಲಿಯು ಸೂತ್ರಗಳಂತೆ ಸಂಕ್ಷಿಪ್ತ. ಕೃಷಿಯ ಮೇಲ್ವಿಚಾರಕನಾದ ಸೀತಾಧ್ಯಕ್ಷ, ನೂಲು ನೇಯ್ಗೆಗಳನ್ನು ನೋಡಿಕೊಳ್ಳುವ ಸೂತ್ರಾಧ್ಯಕ್ಷ, ಸುಂಕದ ಶುಲ್ಕಾಧ್ಯಕ್ಷ, ಮದ್ಯದ ಸುರಾಧ್ಯಕ್ಷ ಮೊದಲಾದ ಅಧಿಕಾರಿಗಳ ಕರ್ತವ್ಯಗಳು ಎರಡನೆಯ ಅಧಿಕರಣದಲ್ಲಿವೆ. ರತ್ನಪರೀಕ್ಷೆ, ಗಣಿ, ತೂಕ ಅಳತೆಗಳು, ಆನೆಗಳ ಪಾಲನೆ ಕೂಡ ಅಲ್ಲಿಯೇ ಬರುತ್ತವೆ. ಸರ್ಕಾರಿ ಹಣವನ್ನು ನೌಕರರು ಅಪಹರಿಸುವ 40 ವಿಧಾನಗಳ ಪಟ್ಟಿಯೂ ಇದೆ. ಮುಂದಿನ ಅಧಿಕರಣಗಳು ನ್ಯಾಯವಿಚಾರಣೆ, ಅಪರಾಧಿಗಳ ನಿಗ್ರಹ, ಪರರಾಜ್ಯ ಸಂಬಂಧ, ಯುದ್ಧ, ಗೂಢಚರ್ಯೆಗಳನ್ನು ವಿವರಿಸುತ್ತವೆ. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬ ರಾಜ್ಯದ ಏಳು ಅಂಗಗಳ ವಿವೇಚನೆ ಈ ಗ್ರಂಥದ ತಿರುಳು.

ಇಲ್ಲಿನ ಪಾರಿಭಾಷಿಕ ಪದಗಳಲ್ಲಿ ಅನೇಕವು ಕಾವ್ಯ ನಾಟಕಗಳಲ್ಲಾಗಲಿ ಧರ್ಮಶಾಸ್ತ್ರಗಳಲ್ಲಾಗಲಿ ಬಳಕೆಯಲ್ಲಿಲ್ಲ. ನಿಘಂಟುಗಳು ಅವುಗಳಿಗೆ ನೆರವಾಗುತ್ತಿರಲಿಲ್ಲ. ಪಾಠಾಂತರಗಳನ್ನು ಹೋಲಿಸಿ ಶುದ್ಧ ಪಾಠವನ್ನು ನಿರ್ಣಯಿಸಲು ಎರಡನೆಯ ಸಂಪೂರ್ಣ ಪ್ರತಿಯೂ ಶಾಮಶಾಸ್ತ್ರಿಗಳ ಮುಂದಿರಲಿಲ್ಲ. ಭಟ್ಟಸ್ವಾಮಿಯ ಟೀಕೆಯು ಎರಡನೆಯ ಅಧಿಕರಣದ ಒಂದು ಭಾಗಕ್ಕಷ್ಟೇ ದೊರೆತಿತ್ತು. ಉಳಿದೆಡೆ ಅವರು ತಮ್ಮ ಶಾಸ್ತ್ರಜ್ಞಾನವನ್ನೂ ಇತರ ಗ್ರಂಥಗಳಲ್ಲಿ ಉಳಿದಿದ್ದ ಉದಾಹರಣೆಗಳನ್ನೂ ಆಧರಿಸಿ ಮುಂದುವರಿಯಬೇಕಾಯಿತು.

ಅವರು ಪಠ್ಯವನ್ನು ಲಿಪ್ಯಂತರಿಸಿ ಸಂಪಾದಿಸಿದರು. 1909ರಲ್ಲಿ ಅದು ಗ್ರಂಥಾಲಯದ ಸಂಸ್ಕೃತ ಗ್ರಂಥಮಾಲೆಯ 37ನೆಯ ಪುಸ್ತಕವಾಗಿ ಪ್ರಕಟವಾಯಿತು. ಇಂಗ್ಲಿಷ್ ಅನುವಾದದ ಭಾಗಗಳು ಪತ್ರಿಕೆಗಳಲ್ಲಿ ಮೊದಲು ಬೆಳಕು ಕಂಡು, 1915ರಲ್ಲಿ ಇಡೀ ಅನುವಾದವು ಪುಸ್ತಕರೂಪದಲ್ಲಿ ಹೊರಬಂದಿತು. ಕನ್ನಡ ನಾಡಿನ ರಾಜವಂಶಗಳ ಇತಿಹಾಸ ಬರೆದ ಜೆ. ಎಫ್. ಫ್ಲೀಟ್ ಅವರು ಅದಕ್ಕೆ ಪರಿಚಯದ ಟಿಪ್ಪಣಿ ಬರೆದರು. 1923 ಮತ್ತು 1929ರಲ್ಲಿ ಅನುವಾದದ ಮುಂದಿನ ಆವೃತ್ತಿಗಳು ಬಂದವು. ಗ್ರಂಥದಲ್ಲಿ ಬರುವ ಪದಗಳ ಸೂಚಿಯನ್ನೂ ಶಾಮಶಾಸ್ತ್ರಿಗಳು ಸಿದ್ಧಪಡಿಸಿ 1924–25ರಲ್ಲಿ ಸಂಪುಟಗಳಾಗಿ ಪ್ರಕಟಿಸಿದರು. ಒಂದು ಪದವು ಗ್ರಂಥದಲ್ಲಿ ಎಲ್ಲೆಲ್ಲಿ ಬಂದಿದೆಯೆಂದು ಹುಡುಕಲು ಯಂತ್ರಗಳಿಲ್ಲದ ಕಾಲದಲ್ಲಿ ಇದು ಸಂಶೋಧಕರಿಗೆ ದೊರೆತ ದೊಡ್ಡ ಸಾಧನ.

ಶೋಧದ ಪರಿಣಾಮ

ಪ್ರಾಚೀನ ಭಾರತೀಯರು ಪರಮಾರ್ಥ ಚಿಂತನೆಯಲ್ಲಿ ಮುಳುಗಿದ್ದರು, ರಾಜ್ಯಾಡಳಿತವನ್ನು ಶಾಸ್ತ್ರೀಯವಾಗಿ ಚಿಂತಿಸಿದವರಲ್ಲ ಎಂಬ ಅಭಿಪ್ರಾಯವು 19ನೆಯ ಶತಮಾನದಲ್ಲಿ ವ್ಯಾಪಕವಾಗಿತ್ತು. ತೆರಿಗೆ, ಲೆಕ್ಕಪತ್ರ, ಗಣಿ, ಸೇನೆ, ರಾಯಭಾರಗಳನ್ನು ಇಷ್ಟು ವಿವರವಾಗಿ ಚರ್ಚಿಸುವ ಗ್ರಂಥವು ದೊರೆತ ಮೇಲೆ ಆ ಅಭಿಪ್ರಾಯವು ನಿಲ್ಲಲಾರದೆ ಹೋಯಿತು. ಸ್ವರಾಜ್ಯದ ಹಂಬಲವು ಬಲಗೊಳ್ಳುತ್ತಿದ್ದ ಆ ದಿನಗಳಲ್ಲಿ ಇದರ ಮಹತ್ವವು ವಿದ್ವಾಂಸರ ವಲಯವನ್ನೂ ದಾಟಿತು. ಇತಿಹಾಸಕಾರ ವಿನ್ಸೆಂಟ್ ಸ್ಮಿತ್ ಅವರು ಭಾರತದ ಪ್ರಾಚೀನ ಇತಿಹಾಸವನ್ನು ಕುರಿತ ತಮ್ಮ ಗ್ರಂಥದ 1914ರ ಆವೃತ್ತಿಯಲ್ಲಿ ಅರ್ಥಶಾಸ್ತ್ರವನ್ನು ಬಳಸಿಕೊಂಡರು. ನರೇಂದ್ರನಾಥ ಲಾ, ಕೆ. ಪಿ. ಜಯಸ್ವಾಲ್ ಮೊದಲಾದವರು ಪ್ರಾಚೀನ ಹಿಂದೂ ರಾಜ್ಯವ್ಯವಸ್ಥೆಯ ಬಗ್ಗೆ ಬರೆದ ಕೃತಿಗಳಿಗೆ ಇದು ಮುಖ್ಯ ಆಧಾರವಾಯಿತು.

ಗ್ರಂಥದ ಕಾಲ ಮತ್ತು ಕರ್ತೃತ್ವವನ್ನು ಕುರಿತು ದೀರ್ಘವಾದ ವಾದ ಆರಂಭವಾಯಿತು. ಇದನ್ನು ಚಂದ್ರಗುಪ್ತನ ಮಂತ್ರಿಯೇ ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ರಚಿಸಿದನೆಂಬುದು ಶಾಮಶಾಸ್ತ್ರಿಗಳ ನಿಲುವು. ಜರ್ಮನಿಯ ಹರ್ಮನ್ ಯಾಕೋಬಿ ಇದೇ ಪಕ್ಷವನ್ನು ವಹಿಸಿದರು. ಯೊಲ್ಲಿ, ವಿಂಟರ್‌ನಿಟ್ಜ್, ಕೀತ್ ಮುಂತಾದವರು ಇದು ಕ್ರಿಸ್ತಶಕದ ಆರಂಭದ ಶತಮಾನಗಳ ಕೃತಿಯೆಂದು ವಾದಿಸಿದರು. 1971ರಲ್ಲಿ ಥಾಮಸ್ ಟ್ರೌಟ್‌ಮನ್ ಅವರು ಪದಗಳ ಬಳಕೆಯನ್ನು ಸಂಖ್ಯಾಶಾಸ್ತ್ರದ ಕ್ರಮದಿಂದ ಪರೀಕ್ಷಿಸಿ, ಗ್ರಂಥದಲ್ಲಿ ಒಬ್ಬರಿಗಿಂತ ಹೆಚ್ಚು ಲೇಖಕರ ಕೈವಾಡವಿದೆಯೆಂದು ತೋರಿಸಿದರು. 2013ರಲ್ಲಿ ಹೊಸ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದ ಪ್ಯಾಟ್ರಿಕ್ ಒಲಿವೆಲ್ ಅವರೂ ಇದು ಹಂತಹಂತವಾಗಿ ಬೆಳೆದ ಗ್ರಂಥವೆಂದು ಅಭಿಪ್ರಾಯಪಟ್ಟಿದ್ದಾರೆ. ಹೀಗೆ ಕಾಲದ ವಿಷಯದಲ್ಲಿ ಶಾಮಶಾಸ್ತ್ರಿಗಳ ನಿಲುವನ್ನು ಇಂದಿನ ಅನೇಕ ವಿದ್ವಾಂಸರು ಒಪ್ಪುವುದಿಲ್ಲ. ಆದರೆ ಈ ವಾದವೆಲ್ಲ ನಡೆಯಲು ಸಾಧ್ಯವಾದದ್ದೇ ಮೈಸೂರಿನ ಮುದ್ರಿತ ಪಠ್ಯದಿಂದ.

ಅರ್ಥಶಾಸ್ತ್ರದ ಇತರ ಪ್ರತಿಗಳೂ ಕ್ರಮೇಣ ದೊರೆತವು. ತಿರುವನಂತಪುರದಲ್ಲಿ ಟಿ. ಗಣಪತಿಶಾಸ್ತ್ರಿಗಳು 1924–25ರಲ್ಲಿ ತಮ್ಮದೇ ವ್ಯಾಖ್ಯಾನದೊಂದಿಗೆ ಗ್ರಂಥವನ್ನು ಪ್ರಕಟಿಸಿದರು. ಜರ್ಮನಿಯ ಮ್ಯೂನಿಕ್‌ನಲ್ಲಿದ್ದ ಪ್ರತಿಯೂ ಬಳಕೆಗೆ ಬಂದಿತು. ಗುಜರಾತಿನ ಪಾಟಣದ ಜೈನ ಭಂಡಾರದಲ್ಲಿ ಗ್ರಂಥದ ಒಂದು ಭಾಗ ಸಿಕ್ಕಿತು. ಇವೆಲ್ಲವನ್ನೂ ಹೋಲಿಸಿ ಆರ್. ಪಿ. ಕಾಂಗ್ಲೆ ಅವರು ಸಿದ್ಧಪಡಿಸಿದ ವಿಮರ್ಶಾತ್ಮಕ ಆವೃತ್ತಿ, ಅನುವಾದ ಹಾಗೂ ಅಧ್ಯಯನವನ್ನು ಮುಂಬಯಿ ವಿಶ್ವವಿದ್ಯಾಲಯವು 1960ರಿಂದ 1965ರವರೆಗೆ ಮೂರು ಭಾಗಗಳಲ್ಲಿ ಹೊರತಂದಿತು. ಮೊದಲ ಅನುವಾದದ ಅನೇಕ ಅರ್ಥಗಳು ಈ ಕ್ರಮದಲ್ಲಿ ತಿದ್ದುಪಡಿಗೆ ಒಳಗಾದವು. ಒಂದೇ ಪ್ರತಿಯಿಂದ ಆರಂಭವಾದ ಕೆಲಸಕ್ಕೆ ಇದು ಸಹಜವೇ ಆಗಿದೆ.

ವಿಶ್ವವಿದ್ಯಾಲಯದ ಸೇವೆ

1912ರಿಂದ 1918ರವರೆಗೆ ಶಾಮಶಾಸ್ತ್ರಿಗಳು ಬೆಂಗಳೂರಿನ ಶ್ರೀ ಚಾಮರಾಜೇಂದ್ರ ಸಂಸ್ಕೃತ ಪಾಠಶಾಲೆಯ ಪ್ರಾಂಶುಪಾಲರಾಗಿದ್ದರು. ಅವರು ಬೆಂಗಳೂರಿನಲ್ಲಿದ್ದಾಗಲೇ ಮೈಸೂರಿನಲ್ಲಿ ದೊಡ್ಡ ಬದಲಾವಣೆಯೊಂದು ನಡೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂದಿತು. ಪ್ರಾಚ್ಯ ಗ್ರಂಥಾಲಯವನ್ನು ಆ ವಿಶ್ವವಿದ್ಯಾಲಯದ ಆಡಳಿತಕ್ಕೆ ಸೇರಿಸಲಾಯಿತು. ಹೀಗೆ ಹೊಸ ವಿಶ್ವವಿದ್ಯಾಲಯವು ತನಗಿಂತ 25 ವರ್ಷ ಹಿರಿದಾದ ಒಂದು ಹಸ್ತಪ್ರತಿ ಸಂಗ್ರಹಕ್ಕೆ ಒಡೆಯನಾಯಿತು.

1918ರಲ್ಲಿ ಶಾಮಶಾಸ್ತ್ರಿಗಳು ಗ್ರಂಥಾಲಯದ ಮುಖ್ಯಸ್ಥರಾಗಿ ಮೈಸೂರಿಗೆ ಹಿಂತಿರುಗಿದರು. ಆರ್. ನರಸಿಂಹಾಚಾರ್ಯರು 1922ರಲ್ಲಿ ನಿವೃತ್ತರಾದ ಬಳಿಕ ಮೈಸೂರು ಪುರಾತತ್ತ್ವ ಇಲಾಖೆಯ ಹೊಣೆಯೂ ಅವರಿಗೆ ಬಂದಿತು. ಓಲೆಗಳ ಜೊತೆಗೆ ಶಾಸನಗಳ ಅಧ್ಯಯನದಲ್ಲಿಯೂ ಅವರು ತೊಡಗಿದರು. 1920ರ ದಶಕದ ಕೊನೆಯಲ್ಲಿ ಸೇವೆಯಿಂದ ನಿವೃತ್ತರಾದರು.

ಕನ್ನಡ ಗ್ರಂಥಗಳ ಸಂಪಾದನೆ

ಅರ್ಥಶಾಸ್ತ್ರದ ಕೀರ್ತಿಯ ಹಿಂದೆ ಶಾಮಶಾಸ್ತ್ರಿಗಳ ಕನ್ನಡ ಸೇವೆಯು ಮರೆಯಾಗಿದೆ. ಗ್ರಂಥಾಲಯದ ಮೂಲಕ ಅವರು ಹಲವು ಹಳೆಯ ಕನ್ನಡ ಕೃತಿಗಳನ್ನು ಸಂಪಾದಿಸಿದರು. ನಯಸೇನನ ಧರ್ಮಾಮೃತ, ರುದ್ರಭಟ್ಟನ ಜಗನ್ನಾಥವಿಜಯ ಮತ್ತು ಗೋವಿಂದವೈದ್ಯನ ಕಂಠೀರವ ನರಸರಾಜ ವಿಜಯ ಅವುಗಳಲ್ಲಿ ಸೇರಿವೆ. ಕೊನೆಯದು 17ನೆಯ ಶತಮಾನದ ಮೈಸೂರು ಅರಸರ ಇತಿಹಾಸಕ್ಕೆ ಆಕರವಾದ ಸಾಂಗತ್ಯ ಕಾವ್ಯ. ಸಂಸ್ಕೃತದಲ್ಲಿ ಬೋಧಾಯನ ಗೃಹ್ಯಸೂತ್ರ, ಪ್ರತಾಪರುದ್ರದೇವನ ಹೆಸರಿನಲ್ಲಿರುವ ಸರಸ್ವತೀವಿಲಾಸದ ವ್ಯವಹಾರಕಾಂಡ ಮೊದಲಾದವುಗಳನ್ನೂ ಅವರು ಹೊರತಂದರು.

ವೈದಿಕ ಕಾಲಗಣನೆ

ವೇದಗಳಲ್ಲಿ ಅಡಗಿರುವ ಕಾಲಗಣನೆಯು ಶಾಮಶಾಸ್ತ್ರಿಗಳ ಜೀವಮಾನದ ಇನ್ನೊಂದು ಆಸಕ್ತಿ. ಗವಾಮಯನವೆಂಬ ವರ್ಷಾವಧಿಯ ಸತ್ರಯಾಗವನ್ನು ಆಧರಿಸಿ ವೈದಿಕ ಯುಗವನ್ನು ಕುರಿತ ಕೃತಿಯನ್ನು ಅವರು 1908ರಲ್ಲಿಯೇ ಪ್ರಕಟಿಸಿದರು. ನಿವೃತ್ತಿಯ ನಂತರವೂ ಈ ವಿಷಯವನ್ನು ಬಿಡಲಿಲ್ಲ. 1936ರಲ್ಲಿ ವೇದಾಂಗಜ್ಯೋತಿಷವನ್ನು ಸಂಪಾದಿಸಿದರು. 1938ರಲ್ಲಿ ವೇದಗಳಲ್ಲಿನ ಗ್ರಹಣಚಕ್ರವನ್ನು ಕುರಿತು ದ್ರಪ್ಸ ಎಂಬ ಗ್ರಂಥವನ್ನು ಬರೆದರು. ವೇದ, ಬೈಬಲ್ ಮತ್ತು ಕುರಾನ್‌ಗಳಲ್ಲಿನ ಗ್ರಹಣ ಸಂಬಂಧಿ ವಿಷಯಗಳನ್ನು ಹೋಲಿಸುವ ಕೃತಿಯು 1940ರಲ್ಲಿ ಪ್ರಕಟವಾಯಿತು. ದೇವನಾಗರಿ ಲಿಪಿಯ ಉಗಮವನ್ನು ಕುರಿತೂ ಅವರು ಬರೆದಿದ್ದಾರೆ. ಈ ಕೃತಿಗಳಿಗೆ ಅರ್ಥಶಾಸ್ತ್ರಕ್ಕೆ ಸಿಕ್ಕಷ್ಟು ಓದುಗರು ಸಿಗಲಿಲ್ಲ.

ಗೌರವಗಳು

ಕಲ್ಕತ್ತಾ ವಿಶ್ವವಿದ್ಯಾಲಯದ ಕುಲಪತಿ ಅಶುತೋಷ್ ಮುಖರ್ಜಿ ಅವರು ಶಾಮಶಾಸ್ತ್ರಿಗಳ ವಿದ್ವತ್ತನ್ನು ಬಹಳವಾಗಿ ಗೌರವಿಸಿದರು. ಭಾರತೀಯ ರಾಜ್ಯವ್ಯವಸ್ಥೆಯ ವಿಕಾಸವನ್ನು ಕುರಿತ ಅವರ ಉಪನ್ಯಾಸಗಳನ್ನು ಆ ವಿಶ್ವವಿದ್ಯಾಲಯವು 1920ರಲ್ಲಿ ಗ್ರಂಥವಾಗಿ ಪ್ರಕಟಿಸಿತು. 1921ರಲ್ಲಿ ಡಾಕ್ಟರೇಟ್ ಪದವಿಯನ್ನು ನೀಡಿತು. ಮೈಸೂರು ಮಹಾರಾಜರಿಂದ ಅರ್ಥಶಾಸ್ತ್ರವಿಶಾರದ, ಭಾರತ ಸರ್ಕಾರದಿಂದ ಮಹಾಮಹೋಪಾಧ್ಯಾಯ ಎಂಬ ಬಿರುದುಗಳು ಅವರಿಗೆ ಸಂದವು. ಕ್ಯಾಂಪ್‌ಬೆಲ್ ಸ್ಮಾರಕ ಸುವರ್ಣ ಪದಕವೂ ದೊರೆಯಿತು.

ನಿಧನ ಮತ್ತು ಪರಂಪರೆ

ಶಾಮಶಾಸ್ತ್ರಿಗಳು 1944ರಲ್ಲಿ ನಿಧನರಾದರು. ಅದಕ್ಕೆ ಹಿಂದಿನ ವರ್ಷವಷ್ಟೇ ಪ್ರಾಚ್ಯ ಗ್ರಂಥಾಲಯಕ್ಕೆ ಪ್ರಾಚ್ಯವಿದ್ಯಾ ಸಂಶೋಧನಾಲಯ ಎಂಬ ಹೊಸ ಹೆಸರು ಬಂದಿತ್ತು. ಸಂಗ್ರಹಿಸಿ ಇಡುವುದಷ್ಟೇ ಅಲ್ಲ, ಸಂಗ್ರಹವನ್ನು ಓದಿ ಲೋಕಕ್ಕೆ ತಿಳಿಸುವುದೂ ಸಂಸ್ಥೆಯ ಕರ್ತವ್ಯವೆಂಬುದನ್ನು ಈ ಹೆಸರು ಸ್ಪಷ್ಟಪಡಿಸಿತು. ಆ ಕರ್ತವ್ಯವನ್ನು ಶಾಮಶಾಸ್ತ್ರಿಗಳು ಹೆಸರು ಬದಲಾಗುವುದಕ್ಕೆ ನಾಲ್ಕು ದಶಕಗಳ ಮೊದಲೇ ನಡೆಸಿ ತೋರಿಸಿದ್ದರು.

ವಿಶ್ವವಿದ್ಯಾಲಯವು 1960ರಲ್ಲಿ ಮಾನಸಗಂಗೋತ್ರಿಯ ವಿಶಾಲ ಆವರಣವನ್ನು ಪಡೆಯಿತು. 1966ರಲ್ಲಿ ಅಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಆರಂಭವಾದಾಗ ಗ್ರಂಥಾಲಯದ ಕನ್ನಡ ವಿಭಾಗವು ಅದಕ್ಕೆ ಸೇರಿತು. ಸಂಸ್ಕೃತ ಸಂಗ್ರಹವು ನಗರದೊಳಗಿನ ಹಳೆಯ ಜ್ಯೂಬಿಲಿ ಭವನದಲ್ಲಿಯೇ ಮುಂದುವರಿಯಿತು. ಅರ್ಥಶಾಸ್ತ್ರದ ಮೂಲ ತಾಳೆಗರಿಗಳು ಇಂದಿಗೂ ಈ ಸಂಶೋಧನಾಲಯದಲ್ಲಿವೆ. ತಾಳೆಗರಿಯು ತೇವ, ಹುಳು ಮತ್ತು ಒಣಹವೆ ಮೂರಕ್ಕೂ ಸುಲಭವಾಗಿ ತುತ್ತಾಗುತ್ತದೆ. ಸುವಾಸನೆಯುಳ್ಳ ಹುಲ್ಲಿನ ಎಣ್ಣೆಯನ್ನು ಸವರಿ ಗರಿಗಳ ನಮ್ಯತೆಯನ್ನು ಉಳಿಸುವುದು, ಛಾಯಾಚಿತ್ರಗಳ ಮೂಲಕ ಪಠ್ಯವನ್ನು ಕಾಪಿಡುವುದು ಇಂತಹ ಸಂಗ್ರಹಗಳಲ್ಲಿ ನಿರಂತರವಾಗಿ ನಡೆಯಬೇಕಾದ ಕೆಲಸ. ಆದರೆ ಗ್ರಂಥಲಿಪಿಯನ್ನೂ ಹಳೆಯ ಕನ್ನಡ, ತೆಲುಗು, ನಂದಿನಾಗರಿ ಲಿಪಿಗಳನ್ನೂ ಸರಾಗವಾಗಿ ಓದಬಲ್ಲವರ ಸಂಖ್ಯೆ ಕುಗ್ಗುತ್ತಿರುವಾಗ, ಗರಿಯನ್ನು ರಕ್ಷಿಸಿದ ಮಾತ್ರಕ್ಕೆ ಗ್ರಂಥವು ಉಳಿದಂತಾಗುವುದಿಲ್ಲ. 1905ರಲ್ಲಿ ಅರ್ಥಶಾಸ್ತ್ರವು ಬೆಳಕಿಗೆ ಬರಲು ಓಲೆ ಉಳಿದಿದ್ದುದು ಎಷ್ಟು ಕಾರಣವೋ, ಅದನ್ನು ಓದಬಲ್ಲ ಗ್ರಂಥಪಾಲಕರೊಬ್ಬರು ಅಲ್ಲಿ ಇದ್ದುದೂ ಅಷ್ಟೇ ಕಾರಣ.